ಹನ್ನೊಂದನೇ ನಂಬರಿನ ತಕರಾರು

ಎಪ್ಪತ್ತೆಂಟನೇ ನಿಮಿಷ. ಒಂದು–ಸೊನ್ನೆ. ಮುಂದಿದ್ದವರು ನಾವು.
ಮಾಜಾಳಿಯ ಬ್ಯಾಕ್‌ಗೆ ಮೀನಖಂಡ ಹಿಡಿದು
ಒಂದು ಕಾಲನ್ನು ಬೇರೆ ಯಾರದೋ ಎಂಬಂತೆ
ಹೊತ್ತು ತಿರುಗುತ್ತಿದ್ದ, ನನ್ನೆದುರಿಗೇ.
ಒಂದೇ ಒಂದು ಪಾಸು ಸಾಕಿತ್ತು.

(ಸಾಕಿತ್ತು, ಸಾಕಿತ್ತು ಎಂದು ಹದಿನೇಳು ವರ್ಷ ಹೇಳಿದ್ದೇನೆ.
ಈ ಮಾತು ಬಂದೊಡನೆ ನನ್ನ ಹೆಂಡತಿ
ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಎದ್ದು ಹೋಗುತ್ತಾಳೆ.)

ಆಗ ನೀವು ಬೆಂಚು ಬಿಟ್ಟು ಎದ್ದಿರಿ, ದುಮಿಂಗ ಮಾಸ್ತರೇ.
ರಂಪಣಿ ಎಳೆಯುವವರ ಹಾಗೆ ಎರಡೂ ಕೈಯಲ್ಲಿ
ಖಾಲಿ ಗಾಳಿಯನ್ನು ಎದೆಗೆ ಜಗ್ಗಿಕೊಳ್ಳುತ್ತ
'ಪಾಟಿಂ! ಪಾಟಿಂ!' ಅಂದಿರಿ.
ಕೊಂಕಣಿ ಬಾರದ ಜಾಫರನಿಗೂ ತಿಳಿಯಿತು: ಎಲ್ಲ ಹಿಂದೆ.
ಮತ್ತೆ ಹಲಗೆಯ ಮೇಲೆ ನನ್ನ ನಂಬರು,
ಸುಣ್ಣದಲ್ಲಿ ಗೀಚಿದ ಎರಡು ಕಡ್ಡಿ.
ನನ್ನ ಬದಲಿಗೆ ಕಿಸ್ತು, ಆರನೇ ಡಿಫೆಂಡರು,
ಓಡುವುದಕ್ಕಿಂತ ನಿಲ್ಲುವುದರಲ್ಲಿ ಹೆಸರಾದವನು.

ಗಾಳಿಯ ಲೆಕ್ಕ ನಿಮಗೆ ಗೊತ್ತಿರಲಿಲ್ಲವೇ?
ಕೋಡಿಬಾಗದಲ್ಲಿ ಹುಟ್ಟಿದ ಕೂಸಿಗೂ ಗೊತ್ತು,
ಮಾರ್ಚ್ ತಿಂಗಳಲ್ಲಿ ನಾಲ್ಕು ಗಂಟೆ ದಾಟಿದ ಮೇಲೆ
ಕಡಲು ಊರಿನ ಕಡೆ ಉಸಿರು ಬಿಡುತ್ತದೆಂದು.
ಮಾಲಾದೇವಿ ಮೈದಾನದಲ್ಲಿ ಆ ಹೊತ್ತು
ನಮ್ಮ ಗೋಲು ಮೂಡಣಕ್ಕೆ. ಜಾಫರ ಒದ್ದ ಪ್ರತಿ ಚೆಂಡೂ
ಮೇಲೇರಿ, ನಡುಗೆರೆಯ ಮೇಲೆ ಒಂದು ಕ್ಷಣ ಯೋಚಿಸಿ,
ಕೊಟ್ಟ ಸಾಲ ಕೇಳಲು ಬಂದವನ ಹಾಗೆ
ನಮ್ಮ ಅಂಗಳಕ್ಕೇ ಮರಳುತ್ತಿತ್ತು.
ಹೊರಗೆ ಒದೆಯಿರಿ, ಅಂದಿರಿ. ಒದ್ದರು.
ಗಾಳಿಮರಗಳ ನಡುವೆ ಹೋದ ಚೆಂಡನ್ನು
ನಿಮ್ಮ ತಂಗಿಯ ಮಗ ಬೇಕೆಂದೇ ಹುಡುಕದೆ
ಜೇಬಲ್ಲಿ ಕೈಯಿಟ್ಟು ನಿಂತ. ರೆಫರಿ ಗಡಿಯಾರ ನಿಲ್ಲಿಸಿದ.
ಹೊತ್ತು ಕಳೆಯಲು ಹೋಗಿ
ಅವರಿಗೇ ಹೊತ್ತು ಕೊಟ್ಟೆವು, ಐದು ನಿಮಿಷ, ಕೈಯಾರೆ.

ಅದರ ಮೂರನೆಯದರಲ್ಲಿ ಗೋಲು. ಚಂದದ್ದೂ ಅಲ್ಲ.
ಕಿಸ್ತುವಿನ ಮೊಣಕಾಲಿಗೆ ತಾಗಿ, ಜಾಫರನ ಕಂಕುಳ ಕೆಳಗೆ
ಒದ್ದೆ ಬೆಕ್ಕಿನ ಹಾಗೆ ಒಳಗೆ ನುಸುಳಿತು.

ಪೆನಾಲ್ಟಿ. ಐದು ಜನರ ಹೆಸರು ಕರೆದಿರಿ.
ಆ ಹಂಗಾಮಿನಲ್ಲಿ ಒಂದೂ ತಪ್ಪದವನೊಬ್ಬ
ತಲೆಯ ಮೇಲೆ ಟವೆಲು ಹೊದ್ದು ಬೆಂಚಿನಲ್ಲಿದ್ದ.
ಅವನ ಹೆಸರು ನಾನು ಹೇಳುವುದಿಲ್ಲ.
ಗೆದ್ದರೆ ಎಂದು ಹೇಳಿಟ್ಟಿದ್ದ ಶಾಗೋತಿಯನ್ನು
ಸೋತೂ ತಿಂದೆವು. ಯಾರೂ ಉಪ್ಪು ಕೇಳಲಿಲ್ಲ.

ಮೊನ್ನೆ ಬಂದೆನಲ್ಲ, ನಿಮ್ಮ ಮೊಣಕಾಲಿನ ಆಪರೇಶನ್ ಆಯಿತೆಂದು ಕೇಳಿ,
ಕೈಯಲ್ಲಿ ಅರ್ಧ ಡಜನ್ ಮೋಸಂಬಿ, ಹೊಟ್ಟೆಯಲ್ಲಿ ಇದೆಲ್ಲ.
ನೀವು ತಿಸರೆಯ ಚಿಪ್ಪು ಬಿಡಿಸುತ್ತಿದ್ದಿರಿ.
ತಲೆ ಎತ್ತದೆ ಅಂದಿರಿ:
'ಅರವತ್ತರಿಂದ ನೀನು ಹಿಂದೆ ಓಡಿರಲಿಲ್ಲ, ಉಲ್ಲಾಸ.
ಸೊಂಟದ ಮೇಲೆ ಕೈ. ಕಣ್ಣು ಹೆಂಗಸರ ಗ್ಯಾಲರಿಯಲ್ಲಿ.'

ಇದ್ದೀತು. ಅವಳನ್ನೇ ಮದುವೆಯಾದೆ.
ಆದರೆ ನನ್ನೊಬ್ಬನ ಮಾತಲ್ಲ ಮಾಸ್ತರೇ,
ಉಳಿದವರನ್ನೆಲ್ಲ ಯಾಕೆ ಗೋಲಿನ ಬಾಯಿಗೆ ತುರುಕಿದಿರಿ?
ಗೆಲ್ಲುವವರು ಹಾಗೆ ನಿಲ್ಲುತ್ತಾರೆಯೇ,
ಮನೆಗೆ ಹಾವು ಹೊಕ್ಕವರ ಹಾಗೆ, ಒಂದೇ ಮೂಲೆಯಲ್ಲಿ?

ನೀವು ಒಂದು ಚಿಪ್ಪು ಬಿಡಿಸಿದಿರಿ. ಇನ್ನೊಂದು.
ಬಾಯಿ ಬಿಡದ ಒಂದನ್ನು ಬದಿಗಿಟ್ಟಿರಿ.
'ಒಂಬತ್ತು ವರ್ಷ ಕೋಚು. ಫೈನಲ್ಲಿನಲ್ಲಿ ಮುಂದೆ ಇದ್ದದ್ದು ಅದೊಂದೇ ಸಲ.
ಹಿಂದಿದ್ದಾಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು.'
ಅಷ್ಟೇ. ಚಹಾ ಬಂತು. ಸಕ್ಕರೆ ಜಾಸ್ತಿ.

ಗೇಟಿನ ಕೊಂಡಿ ಹಾಕುವಾಗ ಹಿಂದಿನಿಂದ ಕೂಗಿದಿರಿ:
'ಆ ಮಾಜಾಳಿಯವ ಕುಂಟುತ್ತಿದ್ದನಲ್ಲ, ಎಡಗಾಲು ಅಲ್ಲವೇನೋ?'
ಬಲಗಾಲು, ಅಂದೆ.
'ಎಡಗಾಲು,' ಅಂದಿರಿ,
ಮಾಡಿ ತೋರಿಸಲೆಂದು, ಊರುಗೋಲಿಗೆ ತಡಕಾಡುತ್ತ,
ಏಳಲು ನೋಡುತ್ತ.