ಎತ್ವ

ನವನಗರದ ವಾಚನಾಲಯದ ಮುಂದ
ಕರಿಕಲ್ಲಿನ ಮ್ಯಾಲೆ ಕೊರದಾರ ಹೆರಕಲ್ಲ ಅಕ್ಕೋರ ಮಾತು:
"ಮನೆ ಮುಳುಗಿದರೂ ಕಥೆ ತೇಲುತ್ತದೆ."
ಸಾಲಿ ಹುಡುಗರು ಭಾಷಣಕ್ಕ ಬಾಯಿಪಾಠ ಮಾಡತಾವ,
ಮಂತ್ರಿಗಳು ಕಣ್ಣು ಮುಚ್ಚಿ ಅಂತಾರ.
ಅಕ್ಕೋರು ಹಂಗ ಬರದಿದ್ದಿಲ್ಲ.

ಕಿಲ್ಲಾ ಓಣಿಯೊಳಗ ಮಹಾಂತ ಪ್ರೆಸ್ಸು.
ನಾನು ಮೋದಿನಸಾಬ, ಮೊಳೆ ಜೋಡಸಾಂವ,
ಕೇಸಿನ ಮುಂದ ನಿಂತು ನಿಂತು
ಎಡಗಾಲಿನ ನರ ಹಗ್ಗದಂಗ ಉಬ್ಬಿದಾಂವ.
ಕನ್ಯಾಸಾಲಿ ಬಿಟ್ಟ ಮ್ಯಾಲೆ ಅಕ್ಕೋರು ಬರೂರು,
ಕೈಚೀಲದಾಗ ಮೆಂತ್ಯೆಪಲ್ಲೆ, ಅದರ ಕೆಳಗ ಕಾದಂಬರಿ,
ಒಂದೊಂದು ಹಾಳಿಗೂ ಪಲ್ಲೆದ ಹಸಿ.
"ಪೂರ್ಣವಿರಾಮ ಭಾಳ ಹಾಕಬ್ಯಾಡ, ಮೋದಿನ,
ನಮ್ಮ ಮಂದಿ ಅಷ್ಟು ಲಗೂ ಮಾತು ಮುಗಸೂದಿಲ್ಲ."
ಮತ್ತೊಮ್ಮೆ, ಗಂಡ ತೀರಿದ ವರ್ಷ:
"ಈ ಅಧ್ಯಾಯದಾಗ ಆಕಿ ಅಳೂದಿಲ್ಲ. ಜ್ವಾಳ ಹಸನ ಮಾಡತಾಳ.
ಓದಾವರಿಗೆ ತಿಳೀತೈತಿ."

ಎಂಟನೇ ಫಾರ್ಮು. ರಾತ್ರಿ. ಕರೆಂಟು ಹೋಗಿತ್ತು.
ಕಂದೀಲದ ಬೆಳಕಿನಾಗ ಒಂದು ದ,
ಅದರ ಹೊಟ್ಯಾಗ ಶಾಯಿಯ ಹನಿ.
ಥ ಅಂತ ತಿಳಕೊಂಡೆ.
ಬರೇ 'ಕಥ' ಅಂದರ ಏನೂ ಆಗೂದಿಲ್ಲಂತ
ನನ್ನ ಕೈಲೆ ಒಂದು ಎತ್ವ ಕೊಟ್ಟೆ.

ಸಾವಿರ ಪ್ರತಿ ಹೊಲಿಗಿ ಆದ ಮ್ಯಾಲೆ ನೋಡಿದರು.
"ನಾ ಬರದದ್ದು ಕದ, ಮೋದಿನ. ಬಾಗಲದ ಕದ."
ಬೈಲಿಲ್ಲ. ಚಸ್ಮಾ ತಗದು ಸೆರಗಿಲೆ ಒರಸಿದರು.
ಮುಂದ ನನ್ನ ಎತ್ವಕ್ಕ ಪ್ರಶಸ್ತಿ ಬಂತು,
ಧಾರವಾಡದಾಗ ಹಾರ ಬಿತ್ತು.
"ಎರಡನೇ ಮುದ್ರಣಕ್ಕ ತಿದ್ದೂಣೇನ್ರಿ?" ಅಂದೆ.
"ಮಂದಿ ಬಾಯಾಗ ಹೋದದ್ದು ಹೊಳ್ಳಿ ಬರತೈತೇನು?"
ಅಂದು, ಪಲ್ಲೆ ಬಾಡತೈತಂತ ಎದ್ದರು.

ಹಿನ್ನೀರು ಬಂದ ವರ್ಷ
ಕಿಲ್ಲಾದಾಗ ಯಾರೂ ಕಥಿ ಹೊರಲಿಲ್ಲ.
ಕದ ಕಿತ್ತರು.
ಟ್ರ್ಯಾಕ್ಟರಿನ ಮ್ಯಾಲೆ ಒಂದರ ಮ್ಯಾಲೊಂದು ಮಲಗಿದ ಕದ,
ಅಗಳಿ ಸಮೇತ, ಅರಿಷಿಣದ ಕೈಗುರುತು ಸಮೇತ,
ಒಂದರ ಮ್ಯಾಲೆ ಸೀಮೆಸುಣ್ಣದಾಗ ಹಾಲಿನ ಲೆಕ್ಕ.
ಅಕ್ಕೋರು ಪ್ರೆಸ್ಸಿನ ಕಟ್ಟಿ ಮ್ಯಾಲೆ ಕುಂತು ಎಣಸಿದರು,
ನಲವತ್ಮೂರಕ್ಕ ಬಿಟ್ಟರು.
"ನೋಡಿದೇನು?" ಅಂದರು. ಅಷ್ಟ.
ಆ ಮಾತು ಯಾವ ಕಲ್ಲಿನ ಮ್ಯಾಲೂ ಇಲ್ಲ.

ಮೊಳೆಗಳನ್ನ ಸೇರಿಗಿಷ್ಟಂತ ಗುಜರಿಗೆ ಹಾಕಿದರು.
ಒಂದು ದ ಕಿಸೆದಾಗ ಇಟ್ಟುಕೊಂಡೆ,
ಎಲ್ಲೋ ಕಳೀತು.
ಹಳೇ ಮನಿ ಕದ ಹೊಸ ಚೌಕಟ್ಟಿಗೆ ನಾಕು ಬೆರಳು ಗಿಡ್ಡ,
ಮ್ಯಾಲೊಂದು ಹಲಗಿ ಬಡದೀನಿ.
ಹೊಳಿ ಕಡಿಂದ ಗಾಳಿ ಎದ್ದರ
ಅದು ಬಡಕೋತ ಇರತೈತಿ, ಬೆಳತನಕ,
ಮತ್ತ