ಇದೋ, ಅದೋ

ಕಂಕನಾಡಿಯ ಕನ್ನಡಕದಂಗಡಿಯಲ್ಲಿ
ಹದಿನಾಲ್ಕು ವರ್ಷದಿಂದ ನನ್ನದೊಂದೇ ಪ್ರಶ್ನೆ:
'ಇದರಲ್ಲಿ ಸ್ಪಷ್ಟವೋ, ಅದರಲ್ಲೋ?'
ಪರೀಕ್ಷೆಯ ಚೌಕಟ್ಟು ಮೂಗಿಗೇರಿಸಿಕೊಂಡವರು
ಕೊನೇ ಸಾಲಿನ ಅಕ್ಷರಕ್ಕೆ ಹುಬ್ಬು ಗಂಟಿಕ್ಕಿ
'ಎರಡೂ ಒಂದೇ ಥರ' ಅಂದರೆ
ಒಳಗೊಳಗೇ ಸಿಟ್ಟು ಬರುತ್ತಿತ್ತು.
ಒಂದು ಹೇಳಲಿಕ್ಕೆ ಇಷ್ಟು ಕಷ್ಟ ಎಂತದು?

ಈಗ ಹಂಪನಕಟ್ಟೆಯ ಮಾಳಿಗೆಯಂಗಡಿಯಲ್ಲಿ
ಸ್ಟೂಲಿನ ಮೇಲೆ ಕೂತವಳು ನಾನು.
ಚೀಟಿ ಎತ್ತಿದ ದುಡ್ಡು ಬ್ಯಾಗಿನಲ್ಲಿ,
ಲಿಗೋರಿ ಕ್ವಾಡ್ರಸ್ಸರ ಎರಡು ಕೈಯಲ್ಲಿ ಎರಡು ಲೆನ್ಸು.
'ಇದು ಮ್ಯಾಕ್ರೋ, ನೂರು ಎಂಎಂ.
ಇದು ವೈಡು. ಯಾವುದು ಬೇಕು ಹೇಳಿ.'

ಯಾವುದು?
ಆಗಸ್ಟಿನಲ್ಲಿ ಕೊಣಾಜೆಯ ಪಾದೆಯ ಮೇಲೆ
ಮುರಕಲ್ಲಿನ ಗುಳಿಗಳಲ್ಲಿ ಅಂಗುಲ ನೀರು ನಿಂತು
ನೀಲಿ ಹೂ ಏಳುತ್ತದೆ, ಅಕ್ಕಿಕಾಳಿಗಿಂತ ಚಿಕ್ಕದು,
ಚಪ್ಪಲಿಯಡಿಗೆ ಸಿಕ್ಕಿದ್ದೂ ಗೊತ್ತಾಗದು.
ಅದರ ಗಂಟಲಲ್ಲಿ ಹಳದಿ ಚುಕ್ಕೆ ಉಂಟೆಂದು
ಯಾರಿಗಾದರೂ ತೋರಿಸಬೇಕು ನನಗೆ.
ಮತ್ತೆ ಬೆಂಗ್ರೆಯ ತುದಿಯಲ್ಲಿ ಅಳಿವೆ ಬಾಗಿಲು:
ಕಂದು ಹೊಳೆ, ಹಸಿರು ಕಡಲು, ನಡುವೆ ಗೆರೆ
ಹೊಲಿಗೆ ಬಿಚ್ಚಿದ ಹಾಗೆ;
ಬೋಟುಗಳು, ಹದ್ದು, ಅತ್ತ ತಣ್ಣೀರುಬಾವಿಯ ಗಾಳಿಮರ
ಎಲ್ಲ ಒಂದೇ ಪಟದಲ್ಲಿ ಬರಬೇಕು, ಎಲ್ಲೂ ಕತ್ತರಿಸದೆ.

'ಎರಡೂ' ಅಂದೆ.
'ಎರಡಕ್ಕೆ ದುಡ್ಡುಂಟಾ?'
ಇರಲಿಲ್ಲ.
ಮತ್ತೆ ಇದನ್ನು ಹಿಡಿದೆ, ಅದನ್ನು ಹಿಡಿದೆ,
ಕಿಟಕಿಯಾಚೆ ಬಸ್ಸಿನ ಬೋರ್ಡು ಓದಿದೆ,
ಹೆಬ್ಬೆರಳಿನ ಗೆರೆ ಎಣಿಸಿದೆ,
ಎರಡೂ ಒಂದೇ ಥರ ಅನ್ನುವುದೊಂದು ಬಾಕಿ.

ಲಿಗೋರಿಯವರು ಕಪಾಟಿನ ಮೂಲೆಯಿಂದ
ಅಕ್ಕಿ ಡಬ್ಬಿ ತೆಗೆದರು.
ಅಕ್ಕಿಯೊಳಗೆ ಹೂತಿಟ್ಟ ಹಳೇ ಲೆನ್ಸು, ಇಪ್ಪತ್ತೆಂಟು ಎಂಎಂ,
ಯಾರೋ ಮದುವೆ ಫೋಟೋದವರು ಬಿಟ್ಟುಹೋದದ್ದು.
ಟಾರ್ಚು ಹಾಯಿಸಿದರು: ಗಾಜಿನೊಳಗೆ ಬೂಷ್ಟು,
ಬಿಳೀ ಎಳೆಗಳು ಕವಲೊಡೆದು ಕವಲೊಡೆದು
ವಿಮಾನದಿಂದ ನೋಡಿದ ಗುರುಪುರ ಹೊಳೆ.
'ನಮ್ಮೂರ ಗಾಳಿ ಮಾರಾಯ್ರೆ, ಗಾಜನ್ನೂ ಬಿಡುದಿಲ್ಲ.
ಪಟಕ್ಕೆ ಅಷ್ಟು ತೊಂದರೆಯಿಲ್ಲ, ಸೂರ್ಯನೆದುರು ಹಿಡೀಬೇಡಿ.
ನೇರ ಹಾಕಿದರೆ ಕಡಲು. ಈ ಬಳೆ ಸಿಕ್ಕಿಸಿ
ಹಿಂದುಮುಂದು ತಿರುಗಿಸಿದರೆ ಇರುವೆಯ ಮೀಸೆ.'

ತಿರುಗಿಸಿದರು. ನೋಡಿದೆ.
ಬಿಲ್ಲುಪುಸ್ತಕದ ಒಂದು ಅಲ್ಪವಿರಾಮ
ಟಾರು ಬಳಿದ ದೋಣಿಯ ಹಾಗೆ ತೇಲಿತು.
ಉಸಿರಾಡಿದರೆ ಸಾಕು, ಮಂಜು.

ಎರಡೂವರೆ ಸಾವಿರ.
'ಪತ್ತನಾಜೆಯ ಒಳಗೆ ದಿನಾ ಬಿಸಿಲಿಗಿಡಿ,
ಬೂಷ್ಟು ಸಾಯಲಿ' ಅಂದಿದ್ದರು.

ಟೆರೇಸು ತುಂಬ ಜಲಜತ್ತೆಯ ಹಲಸಿನ ಹಪ್ಪಳ.
ಕಾಲಿಡಲು ಜಾಗವಿಲ್ಲ. ಎದ್ದು ನಿಂತ
ಎರಡು ಬೆಂಕಿಪೆಟ್ಟಿಗೆಗಳ ಮೇಲೆ ಲೆನ್ಸು ಕೂರಿಸಿ
ಮುಚ್ಚಳ ತೆಗೆದು ಕೆಳಗಿಳಿದೆ. ನೆತ್ತಿ ಬಿಸಿಲು.

ಸುಟ್ಟ ವಾಸನೆ ಮೊದಲು ಬಂದದ್ದು ಅತ್ತೆಗೆ.
ಒಂಬತ್ತು ಕೋಟಿ ಮೈಲಿ ಆಚೆಯ ಸೂರ್ಯ
ಬೂಷ್ಟಿನ ಎಡೆಯಿಂದ ಇಳಿದು
ಸಾಸಿವೆಗಿಂತ ಸಣ್ಣಗಾಗಿ
ಹಪ್ಪಳದ ಮೇಲೆ ಕೂತು, ಮೆಲ್ಲ ತೆವಳಿ,
ಒಂದು ಗೀರು ಕೊರೆದಿದ್ದ.

'ಬೇರೆ ಜಾಗ ಸಿಕ್ಕಲಿಲ್ವಾ ನಿಂಗೆ!'
ಬೈದು ಮುಗಿಸುವ ತನಕ ಕಾದು
ಬಳೆ ಸಿಕ್ಕಿಸಿ, ಲೆನ್ಸು ತಿರುಗಿಸಿ,
ಮೊಣಕಾಲೂರಿ, ಉಸಿರು ಕಟ್ಟಿ
ಹನ್ನೊಂದು ಸಲ ಒತ್ತಿದೆ.
ಹತ್ತು ಮಂಜು.

ರಾತ್ರಿ ಹನ್ನೊಂದನೆಯದನ್ನು ತೋರಿಸಿದೆ.
ಅತ್ತೆ ಕನ್ನಡಕ ಹುಡುಕಿದರು,
ನಾನೇ ಮಾಡಿಸಿಕೊಟ್ಟ ಬೈಫೋಕಲ್ಲು.
ಕೆಳಗಿನರ್ಧದಿಂದ ನೋಡಿದರು, ಮೇಲಿನರ್ಧದಿಂದ ನೋಡಿದರು.
ಕರಕಲು ಅಂಚು, ಕೆಂಪು ಗೋಡೆ, ಆಳದಲ್ಲಿ ನೆರಳು,
ಜೀರಿಗೆಯೊಂದು ಬಂಡೆಯಂತೆ ಅಡ್ಡ ಬಿದ್ದಿತ್ತು.
'ದೇವರೇ, ಎಷ್ಟು ಆಳ ತೋಡಿಟ್ಟಿದ್ದಾರೆ' ಅಂದರು,
'ಯಾವೂರಿನ ಕಲ್ಲಿನ ಕೋರೆ ಇದು?'