ಬರೆದುಕೊಟ್ಟ ನಾನು

ಉಪ್ಪಳದ ಕಂಪ್ಯೂಟರ್ ಸೆಂಟರು, ಎರಡನೇ ಮಾಳಿಗೆ.
ಕರೆಂಟು ಹೋಗಿ ಹದಿನೆಂಟು ಮಾನಿಟರು
ಒಟ್ಟಿಗೆ ಕಣ್ಣು ಮುಚ್ಚಿದಾಗ
ರಂಸೀನಾ ಕೇಳಿದಳು:
"ಟೀಚರ್, ಪೇರೆಂಟ್ ಕ್ಲಾಸಿನೊಳಗೆ ‘ದಿಸ್’ ಅಂತ ಬರೆದದ್ದು
ಮಗಳ ಕ್ಲಾಸಿಗೆ ಬಂದ ಮೇಲೆ ಯಾರು?"

ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟದ ಸೂತ್ರ ಇದೆ.
ನನಗೆ ನೆನಪಾದದ್ದು ದೂಮಪ್ಪ ಮಾವ,
ಮಂಜೇಶ್ವರದ ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಕುಂಟುವ ಮೇಜು, ಮಸಿ ಹತ್ತಿದ ಹೆಬ್ಬೆರಳು,
ಕೆಂಪು ರಟ್ಟಿನ ಮಾದರಿ ಪುಸ್ತಕ:

"........ರ ಮಗ/ಮಗಳು ........ ಆದ ನಾನು
ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ
ಬರೆದುಕೊಟ್ಟ..."

ಮೂವತ್ತು ವರ್ಷ ಆ ನಾನು ಯಾರೂ ಆಗಿರಲಿಲ್ಲ.
ಹತ್ತು ಗಂಟೆಗೆ ಕುಂಜತ್ತೂರಿನ ಐಸಮ್ಮ,
ಹನ್ನೊಂದೂವರೆಗೆ ದೋಣಿ ಮಾರುವ ಬೊನಿಫಾಸ್ ಕ್ರಾಸ್ತಾ.
ಹೆಬ್ಬೆಟ್ಟು ಯಾರದೋ ನಾನು ಅವರದು.

ಮುಚ್ಚಿದ ವಾಕ್ಯ ಯಾರಿಗೂ ದಾಟುವುದಿಲ್ಲ, ರಂಸೀನಾ.
ದಾಟುವುದು ಬಾಯ್ತೆರೆದ ವಾಕ್ಯ,
ಒಂದು ಖಾಲಿ, ಅದರ ಸುತ್ತ ಕಟ್ಟಿದ ವ್ಯಾಕರಣ.
ಮೊದಲು ತಿದ್ದು. ಒಂದು ಸಾಲು ಹೊಡೆದುಹಾಕು, ಒಂದು ಸೇರಿಸು.
ಹೆಸರು ತುಂಬುವುದು ಆಮೇಲೆ.
ತುಂಬಿದ ಹೆಸರು ಇಡೀ ಕಾಗದ ಸುತ್ತಿ
ತನಗೇ ಬಂದು ತಾಗಿ, ಇನ್ನು ಅಲುಗದೆ ನಿಂತರೆ
ಆ ನಿಂತ ಜಾಗ ಸ್ಥಿರಬಿಂದು.
ಹೆಸರು ಮೊದಲು, ತಿದ್ದು ಆಮೇಲಾದರೆ
ಒಳಗಿನ ನಾನುಗಳೆಲ್ಲ ಹಳಬರನ್ನೇ ಕರೆಯುತ್ತಿರುತ್ತವೆ.

ಅಳಿಯಕಟ್ಟು ಕಾನೂನಿನಲ್ಲಿ ಸತ್ತು ಎಷ್ಟೋ ವರ್ಷ.
ಆದರೂ ಮಾವ ಪುಸ್ತಕ ಕೊಟ್ಟದ್ದು ನನಗೆ.
ನಾನು ಮುಟ್ಟಿದ್ದು ಚಕ್ಕುಬಂದಿಯೊಂದನ್ನೇ:
ಮೊದಲು ಅವರ ಸಾಲು ಇದ್ದ ಹಾಗೇ,
ಅದರ ಕೆಳಗೆ ಮಲಯಾಳದಲ್ಲಿ ನನ್ನದು.
ಅವರು ಜ್ವರದಲ್ಲಿ ಮಲಗಿದ ವಾರ ಆ ಮೇಜಿಗೆ ಕೂತೆ.
ಐಸಮ್ಮ ಬಂದರು, ಕಾಗದ ಓದಿಸಿಕೊಂಡರು,
ಒಂದಕ್ಷರ ತಪ್ಪಿಲ್ಲ ಅಂದರು,
"ದೂಮಪ್ಪಣ್ಣ ಬಂದ ಮೇಲೆ ಬರ್ತೇನೆ" ಅಂದರು.

ಬರೆದುಕೋ: ಎಲ್ಲವೂ ಬಂದರೂ
ಕೊಟ್ಟವರ ಕುರ್ಚಿಗೆ ನೀನು ಸಲ್ಲಬೇಕೆಂದಿಲ್ಲ.
ಅದು ಬೇರೆಯೇ ನೆಂಟಸ್ತನ,
ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿದರೆ ಮಾರ್ಕು ಇಲ್ಲ.

ಕರೆಂಟು ಬಂತು. ಮಕ್ಕಳು ಪರದೆಗೆ ತಿರುಗಿದರು.
ಹೇಳದೆ ಉಳಿದದ್ದು ಇಷ್ಟು.
ಮಾವನ ಬೊಜ್ಜದ ಮರುದಿನ ಅವರ ಸ್ವಂತ ಕಾಗದ,
ಅದೇ ಮಾದರಿ, ಖಾಲಿಯಲ್ಲಿ ಅವರದೇ ಹೆಸರು.
ಚಾವಡಿಯಲ್ಲಿ ಗಟ್ಟಿಯಾಗಿ ಓದಲು ನನಗೇ ಹೇಳಿದರು.
"ನಾನು ಸತ್ತ ನಂತರ ನನ್ನ ಮೇಜು..." ಅನ್ನುವಷ್ಟರಲ್ಲಿ
ಅಮ್ಮ ಎದ್ದು ಬಂದು
ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು:
"ಬಿಡ್ತು ಅನ್ನು."